ಓದುಗರ ಪ್ರಶ್ನೆಗಳು: ಜೀವಸತ್ವ ತಟ್ಟೆಯಲ್ಲಿ ಎಷ್ಟು, ಮಾತ್ರೆಯಲ್ಲಿ ಎಷ್ಟು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಿಟಮಿನ್ನುಗಳನ್ನು ಕುರಿತೇ ಇದ್ದವು. ಒಂದೇ ಸಂದೇಹವನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರಿಂದ ಅವುಗಳನ್ನು ಒಟ್ಟುಗೂಡಿಸಿ ಎಂಟು ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ. ಇಲ್ಲಿರುವುದು ತಿಳಿವಳಿಕೆಯ ಮಾತು. ಚಿಕಿತ್ಸೆಯ ಮಾತನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡಿದ ವೈದ್ಯರೇ ಹೇಳಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 71. ನಾವು ಓದುವಾಗ ‘ಅನ್ನಾಂಗ’ ಎನ್ನುತ್ತಿದ್ದುದು ಈಗ ‘ಜೀವಸತ್ವ’ವಾಗಿದೆ. ಎ, ಬಿ, ಸಿ, ಡಿ, ಇ ಆದ ಮೇಲೆ ಒಮ್ಮೆಲೇ ಕೆ ಬರುವುದೇಕೆ? ಎರಡು ಹೊತ್ತೂ ಜೋಳದ ರೊಟ್ಟಿ ಉಣ್ಣುವ ನನಗೆ ಈಚೆಗೆ ಸುಸ್ತು ಹೆಚ್ಚಾಗಿದೆ. ಶಕ್ತಿ ಬರಲಿ ಎಂದು ಮಗ ವಿಟಮಿನ್ ಮಾತ್ರೆಯ ಡಬ್ಬಿ ತಂದಿಟ್ಟಿದ್ದಾನೆ. ನುಂಗಲೇ? (ಹಾವೇರಿ)

ಉತ್ತರ: ನಿಮ್ಮ ಕಾಲದ ‘ಅನ್ನಾಂಗ’ ಎಂಬ ಮಾತು ನನಗೆ ಇಂದಿಗೂ ಪ್ರಿಯವಾದದ್ದು. ಈ ವಸ್ತುಗಳು ನಾವು ಉಣ್ಣುವ ಅನ್ನದ ಅಂಗಗಳು, ಊಟದಿಂದ ಬೇರೆಯಾಗಿ ಡಬ್ಬಿಯಲ್ಲಿ ಹುಟ್ಟಿದವಲ್ಲ ಎಂಬುದನ್ನು ಆ ಹೆಸರೇ ಹೇಳಿಬಿಡುತ್ತದೆ. ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕೇ ಬೇಕಾದ, ಆದರೆ ದೇಹ ತಾನೇ ತಯಾರಿಸಿಕೊಳ್ಳಲಾರದ ಅಥವಾ ಸಾಲುವಷ್ಟು ತಯಾರಿಸಿಕೊಳ್ಳಲಾರದ ಸಾವಯವ ವಸ್ತುಗಳಿಗೆ ವಿಟಮಿನ್ ಎಂದು ಹೆಸರು. 1912ರಲ್ಲಿ ಪೋಲೆಂಡ್ ಮೂಲದ ಕ್ಯಾಸಿಮಿರ್ ಫಂಕ್ ಎಂಬ ವಿಜ್ಞಾನಿ ಲ್ಯಾಟಿನ್ನಿನ ‘ವೀಟಾ’, ಅಂದರೆ ಬದುಕು, ಎಂಬ ಪದದಿಂದ ಈ ಹೆಸರನ್ನು ಕಟ್ಟಿದರು. ಇಂದು ಒಪ್ಪಿತವಾದ ವಿಟಮಿನ್ನುಗಳು 13: ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ, ನೀರಿನಲ್ಲಿ ಕರಗುವ ಸಿ ಮತ್ತು ಬಿ ಗುಂಪಿನ ಎಂಟು. ಅಕ್ಷರಗಳ ನಡುವೆ ತೆರಪು ಬಿದ್ದಿರುವುದಕ್ಕೆ ಕಾರಣವೆಂದರೆ, ಒಮ್ಮೆ ಬೇರೆ ಅಕ್ಷರ ಪಡೆದಿದ್ದ ಕೆಲವು ವಸ್ತುಗಳು ಆಮೇಲೆ ಬಿ ಗುಂಪಿಗೆ ಸೇರಿದವು (ಹಿಂದಿನ ‘ಜಿ’ಯೇ ಇಂದಿನ ಬಿ-2), ಇನ್ನು ಕೆಲವು ವಿಟಮಿನ್ನುಗಳೇ ಅಲ್ಲವೆಂದು ತಿಳಿದು ಪಟ್ಟಿಯಿಂದ ಹೊರಬಿದ್ದವು. ಕೆ ಮಾತ್ರ ಸರದಿಯಲ್ಲಿ ಬಂದ ಅಕ್ಷರವಲ್ಲ. ರಕ್ತ ಹೆಪ್ಪುಗಟ್ಟುವುದಕ್ಕೆ ಡೇನಿಷ್ ಮತ್ತು ಜರ್ಮನ್ ಭಾಷೆಗಳಲ್ಲಿರುವ ‘ಕೋಆಗುಲೇಷನ್’ ಎಂಬ ಪದದ ಮೊದಲಕ್ಷರವನ್ನೇ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಆ ವಿಟಮಿನ್ನಿಗೆ ಇಟ್ಟರು.

ಶಕ್ತಿಯ ವಿಷಯಕ್ಕೆ ಬರೋಣ. ವಿಟಮಿನ್ನುಗಳಲ್ಲಿ ಶಕ್ತಿಯಿಲ್ಲ, ಶಕ್ತಿ ಬರುವುದು ಹಿಟ್ಟು, ಬೇಳೆ, ಎಣ್ಣೆಗಳಿಂದ. ಅದನ್ನು ದೇಹ ಬಳಸಿಕೊಳ್ಳುವಂತೆ ನೆರವಾಗುವುದು ಬಿ ಗುಂಪಿನ ಕೆಲಸ. ಒಲೆಗೆ ಊದುಗೊಳವೆ ಬೇಕು, ನಿಜ. ಆದರೆ ಸೌದೆಯಿಲ್ಲದ ಒಲೆಯನ್ನು ಎಷ್ಟು ಊದಿದರೂ ಬೂದಿ ಹಾರೀತೇ ಹೊರತು ಅನ್ನ ಬೇಯುವುದಿಲ್ಲ. ಪ್ರಮಾಣವನ್ನೂ ಗಮನಿಸಿ. ಬಿ-12 ನಮಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು. 80 ವರ್ಷದ ಬದುಕಿಗೆ ಬೇಕಾದದ್ದನ್ನೆಲ್ಲ ಕೂಡಿಸಿದರೂ ಒಂದು ಗ್ರಾಮಿನ ಹತ್ತನೆಯ ಒಂದು ಭಾಗವಾಗುವುದಿಲ್ಲ.

ಜೋಳದ ಬಗ್ಗೆ ಒಂದು ಮಾತು. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವೊಂದನ್ನೇ ನೆಚ್ಚಿದ ಬಡಜನರಲ್ಲಿ ಪೆಲಾಗ್ರ ಎಂಬ, ಬಿಸಿಲು ಬೀಳುವ ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಮನಸ್ಸು ಕುಗ್ಗುವ ಕಾಯಿಲೆ ಕಾಣಿಸುತ್ತಿತ್ತು. ಅದು ನಯಾಸಿನ್ ಎಂಬ ಬಿ-3ರ ಕೊರತೆ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ತಪ್ಪು ಜೋಳದ್ದಲ್ಲ, ಜೋಳದ ಜೊತೆಗೆ ಬೇರೇನೂ ಸಿಗದ ಬಡತನದ್ದು. ನಿಮ್ಮ ತಟ್ಟೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಶೇಂಗಾ ಚಟ್ನಿ, ಕಾಳಿನ ಪಲ್ಯ, ಮೊಸರು ಇದ್ದರೆ ಈ ಚಿಂತೆ ಬೇಕಾಗಿಲ್ಲ. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. 71ರ ವಯಸ್ಸಿನಲ್ಲಿ ಹೊಸದಾಗಿ ಬಂದ ಸುಸ್ತನ್ನು ಹಗುರವಾಗಿ ನೋಡಬಾರದು. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ-12 ಪರೀಕ್ಷೆಗಳನ್ನು ಮಾಡಿಸಿ, ಹೃದಯವನ್ನೂ ಒಮ್ಮೆ ತೋರಿಸಿಬಿಡಿ. ಕಾರಣ ತಿಳಿಯುವ ಮೊದಲೇ ಮಾತ್ರೆ ನುಂಗಿದರೆ, ಸುಸ್ತಿನ ಹಿಂದೆ ಅಡಗಿರುವ ರೋಗಕ್ಕೆ ಬೆಳೆಯಲು ಇನ್ನಷ್ಟು ದಿನ ಕೊಟ್ಟಂತಾಗುತ್ತದೆ.

ಪ್ರಶ್ನೆ: ಅಕ್ಕಿಯನ್ನು ನಾಲ್ಕೈದು ಸಲ ತೊಳೆದು, ಗಂಜಿ ಬಸಿದು ಅನ್ನ ಮಾಡುವುದು ನಮ್ಮ ಮನೆಯ ರೂಢಿ. ಬೇಯಿಸಿದರೆ ವಿಟಮಿನ್ನೆಲ್ಲ ಹೋಗುತ್ತದೆ, ತರಕಾರಿಯನ್ನು ಹಸಿಯಾಗಿಯೇ ತಿನ್ನಬೇಕು ಎಂದು ಓರಗಿತ್ತಿ ವಾದಿಸುತ್ತಾಳೆ. ಯಾವುದು ಸರಿ? (ಚನ್ನರಾಯಪಟ್ಟಣ)

ಉತ್ತರ: ಬೇಯಿಸಿದರೆ ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ, ಕೆಲವು ಬೆಂದ ಮೇಲೆಯೇ ಚೆನ್ನಾಗಿ ದಕ್ಕುತ್ತವೆ.

ಅಕ್ಕಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ವಿಟಮಿನ್ನುಗಳ ಕತೆಯ ಮೊದಲ ಅಧ್ಯಾಯವೇ ಅಕ್ಕಿಯದು. 1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಪ್ರಯೋಗಾಲಯದ ಕೋಳಿಗಳು ರೋಗಿಗಳಂತೆಯೇ ಕಾಲಿನ ಬಲ ಕಳೆದುಕೊಂಡು ತೂರಾಡತೊಡಗಿ, ಕೆಲವು ತಿಂಗಳ ಬಳಿಕ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದಿಷ್ಟು: ನಡುವಿನ ಆ ತಿಂಗಳುಗಳಲ್ಲಿ ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಷ್ ಅಕ್ಕಿಯ ಅನ್ನ ಹಾಕುತ್ತಿದ್ದರು, ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲು ಒಪ್ಪದೆ ಹೋದದ್ದರಿಂದ ಅವು ಮತ್ತೆ ತೌಡಿರುವ ಅಕ್ಕಿ ತಿಂದಿದ್ದವು. ಆ ತೌಡಿನಲ್ಲಿದ್ದದ್ದು ಥಯಾಮಿನ್, ಅಂದರೆ ಬಿ-1. ಈ ಕೆಲಸಕ್ಕೆ ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇದಕ್ಕೆ ಉತ್ತರ ಶತಮಾನಗಳ ಹಿಂದಿನಿಂದಲೇ ಅಡುಗೆಮನೆಯಲ್ಲಿತ್ತು. ಭತ್ತವನ್ನು ಸಿಪ್ಪೆಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿಸುವ ಕುಸುಬಲಕ್ಕಿಯಲ್ಲಿ, ತೌಡಿನಲ್ಲಿರುವ ಬಿ-1 ನೀರಿನೊಂದಿಗೆ ಕಾಳಿನ ಒಳಕ್ಕೆ ಇಳಿಯುತ್ತದೆ. ಹೊರಪದರ ಹೋದರೂ ಅದರ ಒಂದು ಪಾಲು ಒಳಗೇ ಉಳಿಯುತ್ತದೆ. ಹಿಂದಿನ ಮದರಾಸು ಪ್ರಾಂತ್ಯದಲ್ಲಿ ಬೆರಿಬೆರಿ ಹೆಚ್ಚಾಗಿ ಕಂಡದ್ದು ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರದ ಕರಾವಳಿಯಲ್ಲಿ. ಕುಸುಬಲಕ್ಕಿ ಉಣ್ಣುತ್ತಿದ್ದ ಕಡೆಗಳಲ್ಲಿ ಅದರ ಸುಳಿವು ಇರಲಿಲ್ಲ. ನಿಮ್ಮ ಮನೆಯ ಅಕ್ಕಿ ಬೆಳ್ತಿಗೆಯಾದರೆ, ಮೊದಲೇ ಸವೆದ ಆ ಕಾಳನ್ನು ನಾಲ್ಕೈದು ಸಲ ಉಜ್ಜಿ ತೊಳೆದು, ಬೆಂದ ಗಂಜಿಯನ್ನೂ ಚೆಲ್ಲಿದರೆ ಉಳಿಯುವುದು ಬಹುಪಾಲು ಪಿಷ್ಟವೇ. ಎರಡು ಸಲ ತೊಳೆದರೆ ಸಾಕು. ಬಸಿಯುವುದೇ ಇಷ್ಟವಾದರೆ ಆ ಗಂಜಿಗೆ ಒಂದಿಷ್ಟು ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಿರಿ, ಇಲ್ಲವೇ ಸಾರಿಗೆ ಹಾಕಿ.

ಬಸ್ಸಾರು ಮಾಡುವ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ನನ್ನ ಅಜ್ಜಿ ಹೆಸರುಕಾಳಿನ ಜೊತೆ ದಂಟಿನ ಸೊಪ್ಪನ್ನು ಬೇಯಿಸಿ ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು ಬಗ್ಗಿಸುತ್ತಿದ್ದಳು. ಕೆಳಗಿನ ಬೋಗುಣಿಗೆ ಕೆಂಪು ಬೆರೆತ ಹಸಿರು ಕಟ್ಟು ಹಬೆಯಾಡುತ್ತ ಇಳಿಯುತ್ತಿತ್ತು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ತೆಂಗಿನಕಾಯಿಯ ಜೊತೆ ಒಂದು ಹಿಡಿ ಬೆಂದ ಸೊಪ್ಪನ್ನೂ ಒರಳಿಗೆ ಹಾಕಿ ರುಬ್ಬಿ, ಆ ಕಟ್ಟಿಗೇ ಕದಡಿ ಸಾರು ಕುದಿಸಿದರೆ, ಬಸಿದ ಸೊಪ್ಪು ಕಾಳು ಪಲ್ಯವಾಗುತ್ತಿತ್ತು. ನೀರಿಗೆ ಇಳಿದ ಫೋಲೇಟು (ಬಿ-9, ಮಾತ್ರೆಯಲ್ಲಿ ಇದರ ರೂಪವೇ ಫೋಲಿಕ್ ಆಮ್ಲ), ಬಿ-1, ಬಿ-2ಗಳಲ್ಲಿ ಕಾವಿಗೆ ಕೆಡದೆ ಉಳಿದದ್ದೆಲ್ಲ ಮುದ್ದೆಯ ಜೊತೆ ಹೊಟ್ಟೆಗೆ ಹೋಗುತ್ತಿತ್ತು. ಕಟ್ಟನ್ನು ಚೆಲ್ಲುವುದು ಅವಳ ಮನಸ್ಸಿಗೇ ಬಾರದ ಮಾತಾಗಿತ್ತು.

ಹಸಿಯಾಗಿ ತಿನ್ನಬೇಕಾದದ್ದು ಮುಖ್ಯವಾಗಿ ಸಿ ವಿಟಮಿನ್ನಿಗಾಗಿ. ಅದು ಕಾವಿಗೂ ಗಾಳಿಗೂ ಕೆಡುವಂಥದ್ದು. ಕೋಸಂಬರಿ, ಸೀಬೆಹಣ್ಣು, ನೆಲ್ಲಿಕಾಯಿ, ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆಹಣ್ಣು ಇವುಗಳಿಂದ ಅದು ಸಿಗುತ್ತದೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟೇ ಇರುವ ಸಿ, ಕಾಳು ಮೊಳಕೆ ಒಡೆದಾಗ ಹೊಸದಾಗಿ ಹುಟ್ಟುತ್ತದೆ. ಕ್ಯಾರೆಟ್, ಸಿಹಿಗುಂಬಳ, ಸೊಪ್ಪುಗಳ ಬಣ್ಣದಲ್ಲಿರುವ, ದೇಹದಲ್ಲಿ ಎ ಆಗುವ ವಸ್ತುವಾದರೋ ಬೆಂದು, ಒಂದಿಷ್ಟು ಎಣ್ಣೆ ಕಂಡ ಮೇಲೆಯೇ ಚೆನ್ನಾಗಿ ಮೈಗೆ ಹತ್ತುತ್ತದೆ. ಆದ್ದರಿಂದ ಪಲ್ಯದ ಒಗ್ಗರಣೆ ಬರೀ ರುಚಿಯ ವಿಷಯವಲ್ಲ. ಸೊಪ್ಪನ್ನು ತೊಳೆದು ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಕಾಳು ಬೇಗ ಬೇಯಲೆಂದು ಅಡುಗೆಸೋಡ ಹಾಕುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ; ಬಿ-1ನ್ನು ಅಷ್ಟು ಚೆನ್ನಾಗಿ ಹಾಳುಮಾಡುವ ವಸ್ತು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ರಾತ್ರಿ ನೆನೆಸಿಟ್ಟು ಕುಕ್ಕರಿನಲ್ಲಿ ಬೇಯಿಸುವುದರಿಂದ ನಷ್ಟ ಕಡಿಮೆ.

ಪ್ರಶ್ನೆ: ನನಗೆ 41 ವರ್ಷ, ಹುಟ್ಟು ಸಸ್ಯಾಹಾರಿ, ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಪಾದಗಳಲ್ಲಿ ಜೋಮು. ಬಿ-12 ಪರೀಕ್ಷೆಯಲ್ಲಿ 148 ಬಂದಿದೆ, ವೈದ್ಯರು ಇಂಜೆಕ್ಷನ್ ಬರೆದಿದ್ದಾರೆ. ಎರಡು ಲೋಟ ಕಾಫಿ, ಮಧ್ಯಾಹ್ನ ಮೊಸರನ್ನ ಇದ್ದೇ ಇದೆ, ಇಡ್ಲಿ ಅಂಬಲಿಯಲ್ಲೂ ಬಿ-12 ಇದೆ, ಇಂಜೆಕ್ಷನ್ ಏಕೆ ಎನ್ನುತ್ತಾರೆ ಅಮ್ಮ. (ಬೆಂಗಳೂರು)

ಉತ್ತರ: 148 ಎಂದರೆ ಕಡಿಮೆ. ಇಂಜೆಕ್ಷನ್ ತೆಗೆದುಕೊಳ್ಳಿ, ತಡಮಾಡಬೇಡಿ. ಊಟದಿಂದಲೇ ಎಲ್ಲವೂ ಸಿಗಬೇಕೆಂದು ಬಯಸುವವನು ನಾನು. ಆದರೆ ಬಿ-12 ವಿಷಯದಲ್ಲಿ ಆ ಮಾತನ್ನು ಹಿಡಿದು ಕೂರುವುದು ಅಪಾಯಕರ.

ಬಿ-12ನ್ನು ಗಿಡವೂ ತಯಾರಿಸದು, ಪ್ರಾಣಿಯೂ ತಯಾರಿಸದು. ಕೆಲವು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯಲ್ಲಿರುವ ಅಂಥ ಜೀವಿಗಳು ಮೇವಿನಲ್ಲಿರುವ ಕೋಬಾಲ್ಟನ್ನು ಬಳಸಿ ಅದನ್ನು ಕಟ್ಟುತ್ತವೆ, ಹಸುವಿನಿಂದ ಅದು ಹಾಲಿಗೆ ಬರುತ್ತದೆ. ಮಾಂಸ, ಮೀನು, ಮೊಟ್ಟೆ ಮುಟ್ಟದವರಿಗೆ ಹಾಲು, ಮೊಸರುಗಳೇ ದಾರಿ. 100 ಮಿ.ಲೀ. ಹಾಲಿನಲ್ಲಿ ಇರುವುದು ಸುಮಾರು 0.4 ಮೈಕ್ರೋಗ್ರಾಂ. ನಿಮ್ಮ ಎರಡು ಕಾಫಿಗೆ ಸೇರಿ 100 ಮಿ.ಲೀ. ಹಾಲು, ಮೊಸರನ್ನಕ್ಕೆ ಒಂದು ಸಣ್ಣ ಬಟ್ಟಲು ಮೊಸರು ಎಂದು ಲೆಕ್ಕ ಹಿಡಿದರೆ ದಿನಕ್ಕೆ 1 ಮೈಕ್ರೋಗ್ರಾಮೂ ಮುಟ್ಟುವುದಿಲ್ಲ. ಬೇಕಾದದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಇಡ್ಲಿ, ಅಂಬಲಿ ಹುಳಿಯುವಾಗ ಬಿ ಗುಂಪಿನ ಬೇರೆ ಕೆಲವು ಹೆಚ್ಚುವುದುಂಟು, ಲೆಕ್ಕಕ್ಕೆ ಸಿಗುವಷ್ಟು ಬಿ-12 ಬರುವುದಿಲ್ಲ. ಸ್ಪಿರುಲಿನ ಪುಡಿಯಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ, ಬಿ-12ರಂತೆ ಕಾಣುವ ವಸ್ತು.

ತಿಂದದ್ದು ರಕ್ತ ಸೇರುವ ಹಾದಿಯೂ ಸುಲಭವಲ್ಲ. ಜಠರದ ಆಮ್ಲ ಅದನ್ನು ಆಹಾರದಿಂದ ಬಿಡಿಸಬೇಕು, ಜಠರದ ಗೋಡೆ ಸ್ರವಿಸುವ ಒಂದು ಪ್ರೋಟೀನು ಅದರ ಕೈಹಿಡಿದು ಸಣ್ಣಕರುಳಿನ ಕೊನೆಯ ಭಾಗದವರೆಗೆ ಕರೆದೊಯ್ಯಬೇಕು. ದೀರ್ಘಕಾಲ ತೆಗೆದುಕೊಂಡ ಮೆಟ್‌ಫಾರ್ಮಿನ್ ಈ ಹೀರಿಕೆಯನ್ನು ತಗ್ಗಿಸುತ್ತದೆ; ಎದೆಯುರಿಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳೂ ಅಷ್ಟೇ. ಹಾಗೆಂದು ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಸಕ್ಕರೆ ಏರಿದರೆ ನರಗಳಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. ವರ್ಷಕ್ಕೊಮ್ಮೆ ಬಿ-12 ಪರೀಕ್ಷಿಸುವಂತೆ ವೈದ್ಯರನ್ನು ಕೇಳಿಕೊಳ್ಳಿ.

ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ಸಂಗ್ರಹ ಇರುವುದರಿಂದ ಈ ಕೊರತೆ ಬಹಳ ನಿಧಾನವಾಗಿ, ಗೊತ್ತೇ ಆಗದಂತೆ ಬರುತ್ತದೆ. ನಮ್ಮ ನೆರೆಮನೆಯ ಹಿರಿಯರೊಬ್ಬರ ಕಾಲಿನಿಂದ ಚಪ್ಪಲಿ ಜಾರಿ ದಾರಿಯಲ್ಲೇ ಉಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬರುತ್ತಿದ್ದರು. ಸ್ನಾನದಲ್ಲಿ ಕಣ್ಣುಮುಚ್ಚಿ ತಲೆಗೆ ನೀರು ಹೊಯ್ದುಕೊಂಡರೆ ತೂರಾಡುತ್ತಿದ್ದರು. ಎಲ್ಲರೂ ಅದನ್ನು ವಯಸ್ಸಿನ ಮರೆವೆಂದೇ ಬಗೆದಿದ್ದರು. ಪರೀಕ್ಷೆಯಾಗಿ ಚಿಕಿತ್ಸೆ ಆರಂಭವಾದ ಮೇಲೆ ನಡಿಗೆ ಬಹುಮಟ್ಟಿಗೆ ಸರಿಹೋಯಿತು, ಜೋಮು ಪೂರ್ತಿ ಹೋಗಲಿಲ್ಲ. ನರಕ್ಕೆ ಆದ ಹಾನಿ ಒಂದು ಮಿತಿ ದಾಟಿದರೆ ಹಿಂದಿರುಗುವುದಿಲ್ಲ ಎಂಬ ಕಾರಣಕ್ಕೇ ನಿಮಗೆ ತಡಮಾಡಬೇಡಿ ಎಂದದ್ದು. ಇನ್ನೊಂದು ಎಚ್ಚರಿಕೆ: ಬಿ-12 ನೋಡದೆ ಫೋಲಿಕ್ ಆಮ್ಲವನ್ನಷ್ಟೇ ತೆಗೆದುಕೊಂಡರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ಇಂಜೆಕ್ಷನ್‌ಗಳು ಮುಗಿದ ಮೇಲೆ ಮಾತ್ರೆಯಾಗಿ ಎಷ್ಟು ಕಾಲ ಮುಂದುವರಿಸಬೇಕೆಂದು ಕೇಳಿ ತಿಳಿದುಕೊಳ್ಳಿ. ಅಮ್ಮನವರೂ ಅದೇ ಊಟ ಉಣ್ಣುವವರು. ಅವರಿಗೂ ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನ್ಯಾಯಬೆಲೆ ಅಂಗಡಿಯ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ, ಬಣ್ಣವೂ ಬೇರೆ. ಪ್ಲಾಸ್ಟಿಕ್ ಅಕ್ಕಿ ಎಂದು ಓಣಿಯಲ್ಲೆಲ್ಲ ಮಾತು, ನಾನು ಆರಿಸಿ ಚೆಲ್ಲುತ್ತಿದ್ದೇನೆ. ನನ್ನ ಎರಡು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ಎ ವಿಟಮಿನ್ ದ್ರವ ಕುಡಿಸುತ್ತಾರೆ, ಅದನ್ನೂ ಬೇಡವೆನ್ನುತ್ತಾರೆ ನಾದಿನಿ. (ಸಿಂಧನೂರು)

ಉತ್ತರ: ತಾಯಿ, ನೀವು ಆರಿಸಿ ಚೆಲ್ಲುತ್ತಿರುವುದು ಆ ಅಕ್ಕಿಯಲ್ಲಿ ಹೆಚ್ಚು ಸತ್ವವಿರುವ ಕಾಳನ್ನೇ. ಸರ್ಕಾರದ ಯೋಜನೆಗಳ ಅಕ್ಕಿಯನ್ನು ಸಾರವರ್ಧನೆ ಮಾಡಿ ಕೊಡುವುದಾಗಿ 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ತಂದ ಕಾಳನ್ನು ನೂರು ಕೆ.ಜಿ. ಅಕ್ಕಿಗೆ ಒಂದು ಕೆ.ಜಿ.ಯಂತೆ ಬೆರೆಸುತ್ತಾರೆ. ಹೀಗೆ ಸಿದ್ಧವಾದ ಪ್ರತಿ ಕೆ.ಜಿ. ಅಕ್ಕಿಯಲ್ಲಿ 28ರಿಂದ 42.5 ಮಿ.ಗ್ರಾಂ. ಕಬ್ಬಿಣ ಇರಬೇಕೆಂಬುದು ನಿಯಮ. ಹಿಟ್ಟಿನಿಂದ ಒತ್ತಿ ಮಾಡಿದ್ದರಿಂದ ಕೆಲವು ಕಾಳು ಹಗುರವಾಗಿ ತೇಲಬಹುದು, ಬಣ್ಣ ತುಸು ಹಳದಿಯಿರಬಹುದು. ಸಂದೇಹವಿದ್ದರೆ ಅಂಥ ಹತ್ತು ಕಾಳನ್ನು ಬೇರೆಯಾಗಿ ಬೇಯಿಸಿ ನೋಡಿ: ಮೆತ್ತಗಾಗಿ ಬೆರಳಲ್ಲಿ ಹಿಸುಕಲು ಬರುತ್ತದೆ. ಪ್ಲಾಸ್ಟಿಕ್ ಬೇಯುವುದಿಲ್ಲ. ಈ ಅಕ್ಕಿಯನ್ನು ಹೆಚ್ಚು ತೊಳೆಯಬೇಡಿ, ಗಂಜಿಯನ್ನೂ ಚೆಲ್ಲಬೇಡಿ. ಮನೆಯಲ್ಲಿ ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರು ಯಾರಾದರೂ ಇದ್ದರೆ ಮಾತ್ರ, ಕಬ್ಬಿಣದ ಕಾರಣಕ್ಕೆ, ವೈದ್ಯರನ್ನು ಕೇಳಿ.

ಎ ವಿಟಮಿನ್ ಮಗುವಿಗೆ ಕೊಡಿಸಲೇಬೇಕು. ಅದರ ಕೊರತೆಯಾದ ಮಗು ಮುಸ್ಸಂಜೆಯಲ್ಲಿ ತಡವರಿಸುತ್ತದೆ, ಹೊಸ್ತಿಲು ಎಡವುತ್ತದೆ. ಕಣ್ಣಿನ ಬಿಳಿಭಾಗದ ಮೇಲೆ ಸಾಬೂನಿನ ನೊರೆಯಂಥ ಮಚ್ಚೆ ಮೂಡುತ್ತದೆ. ಆಗಲೂ ಅಲಕ್ಷಿಸಿದರೆ ಕರಿಗುಡ್ಡೆಯೇ ಕರಗಿ ದೃಷ್ಟಿ ಹೋಗುತ್ತದೆ. ಇಂಥ ಕುರುಡನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1970ರಿಂದ ನಡೆದುಬಂದಿದೆ. 9 ತಿಂಗಳಿಗೆ ದಡಾರ ಲಸಿಕೆಯ ಜೊತೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್‌ನಂತೆ 5 ವರ್ಷ ತುಂಬುವವರೆಗೆ ಒಟ್ಟು ಒಂಬತ್ತು ಸಲ. ಈ ವಿಟಮಿನ್ ಯಕೃತ್ತಿನಲ್ಲಿ ಸಂಗ್ರಹವಾಗುವುದರಿಂದಲೇ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಲುತ್ತದೆ. ಅದೇ ಕಾರಣಕ್ಕೆ ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಸಿಕೊಳ್ಳಿ, ಎರಡೆರಡು ಕಡೆ ಕುಡಿಸಬೇಡಿ. ಕುಡಿಸಿದ ದಿನ ಕೆಲವು ಮಕ್ಕಳಿಗೆ ಸ್ವಲ್ಪ ವಾಂತಿಯಾಗುವುದುಂಟು, ಒಂದೆರಡು ದಿನದಲ್ಲಿ ಅದು ನಿಲ್ಲುತ್ತದೆ. ಮನೆಯಲ್ಲಿ ನುಗ್ಗೆಸೊಪ್ಪು, ಪಪ್ಪಾಯಿ, ಸಿಹಿಗುಂಬಳ, ಮಾವಿನ ಕಾಲದಲ್ಲಿ ಮಾವು, ಅಭ್ಯಾಸವಿದ್ದರೆ ಮೊಟ್ಟೆ ಕೊಡುತ್ತಿರಿ.

ಪ್ರಶ್ನೆ: ಮದುವೆಯಾಗಿ ಆರು ತಿಂಗಳಾಯಿತು, ಮಗು ಬೇಕೆಂದುಕೊಂಡಿದ್ದೇವೆ. ಈಗಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಳ್ಳಿ ಎಂದಿದ್ದಾರೆ ವೈದ್ಯೆ. ಬಸಿರೇ ನಿಲ್ಲದೆ ಮಾತ್ರೆ ಏಕೆ? (ಶಿರಸಿ)

ಉತ್ತರ: ಮಗುವಿನ ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟು ತಪ್ಪಿತೆಂದು ತಿಳಿದು, ಪರೀಕ್ಷೆ ಮಾಡಿಸಿ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ ದಿನಗಳು ಕಳೆದಿರುತ್ತವೆ. ಆ ಸಮಯದಲ್ಲಿ ಫೋಲೇಟು ಸಾಲದಿದ್ದರೆ ನಾಳ ಪೂರ್ತಿ ಮುಚ್ಚದೆ ಉಳಿಯುವ ಅಪಾಯ ಹೆಚ್ಚು. ಆದ್ದರಿಂದ ಬಸಿರಿಗೆ ಒಂದೆರಡು ತಿಂಗಳ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆನ್ನುತ್ತಾರೆ. ಸೊಪ್ಪು, ಕಾಳುಗಳಲ್ಲಿ ಫೋಲೇಟು ಇದೆ. ಆ ಹೆಸರು ಬಂದದ್ದೇ ಲ್ಯಾಟಿನ್ನಿನ ಎಲೆ ಎಂಬ ಪದದಿಂದ. ಆದರೂ ಈ ಕೆಲವು ವಾರಗಳಿಗೆ ಊಟವನ್ನಷ್ಟೇ ನಂಬಬಾರದು.

ಈ ವಿಟಮಿನ್ನಿಗೂ ನಮ್ಮ ದೇಶಕ್ಕೂ ಹತ್ತಿರದ ನಂಟು. 1928ರ ಸುಮಾರಿಗೆ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ, ಬಟ್ಟೆಗಿರಣಿಯ ಬಡ ಗರ್ಭಿಣಿಯರ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಲ್ಲಿರುವ ಯಾವುದೋ ವಸ್ತು ಅದನ್ನು ಗುಣಪಡಿಸುತ್ತದೆ ಎಂದು ತೋರಿಸಿದರು. ಅದೇ ಫೋಲೇಟು. ಮುಂದೆ 1945ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಹಿಂದಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಬಸಿರಾದ ಮೇಲೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಕಾಫಿ, ಚಹಾದ ಜೊತೆ ನುಂಗದೆ ನಿಂಬೆ ಪಾನಕದ ಜೊತೆ ನುಂಗಿದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಎ ವಿಟಮಿನ್ ಮಾತ್ರೆಗಳನ್ನು ಮಾತ್ರ ಬಸಿರಿನಲ್ಲಿ ನೀವಾಗಿಯೇ ತೆಗೆದುಕೊಳ್ಳಬೇಡಿ. ಅದು ಹೆಚ್ಚಾದರೆ ಶಿಶುವಿನ ಅಂಗರಚನೆಗೇ ಹಾನಿ.

ಪ್ರಶ್ನೆ: ಇಲ್ಲಿ ಎಲ್ಲರಿಗೂ ಡಿ ವಿಟಮಿನ್ ತೆಗೆದುಕೊಳ್ಳಿ ಎನ್ನುತ್ತಾರೆ. ಬಿಸಿಲಿಗೆ ಬರವಿಲ್ಲದ ದಾವಣಗೆರೆಯಲ್ಲಿರುವ ನನ್ನ ತಾಯಿಗೂ ಕೊರತೆಯಂತೆ! ವಾರಕ್ಕೊಂದು ಎಂದು ಬರೆದಿದ್ದ 60,000 ಯೂನಿಟ್ ಪುಡಿಯನ್ನು ಅವರು ದಿನವೂ ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದರೆಂದು ನಿನ್ನೆ ಗೊತ್ತಾಯಿತು. (ಬರ್ಮಿಂಗ್‌ಹ್ಯಾಮ್, ಬ್ರಿಟನ್)

ಉತ್ತರ: ಮೊದಲು ತಾಯಿಯವರ ಪುಡಿಯನ್ನು ಇವತ್ತೇ ನಿಲ್ಲಿಸಿ, ಅವರನ್ನು ವೈದ್ಯರಲ್ಲಿಗೆ ಕಳುಹಿಸಿ. ದಿನಕ್ಕೆ ಬೇಕಾದದ್ದು 600 ಯೂನಿಟ್ ಎಂದಿಟ್ಟುಕೊಂಡರೆ ಒಂದು ಪೊಟ್ಟಣವೆಂದರೆ ನೂರು ದಿನದ ಪ್ರಮಾಣ. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗುವುದಿಲ್ಲ; ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಮಂಕು ಬರುತ್ತವೆ, ಮೂತ್ರಪಿಂಡಕ್ಕೂ ಪೆಟ್ಟಾಗುತ್ತದೆ. ಎಷ್ಟು ದಿನ ಕುಡಿದರೆಂದು ತಿಳಿಸಿ ಕ್ಯಾಲ್ಸಿಯಂ ಪರೀಕ್ಷೆ, ಮೂತ್ರಪಿಂಡ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.

ಚರ್ಮದಲ್ಲಿ ಡಿ ಹುಟ್ಟುವುದಕ್ಕೆ ಬೇಕಾದ ಕಿರಣ ಸೂರ್ಯ ನೆತ್ತಿಯ ಹತ್ತಿರವಿರುವಾಗಲೇ ಹೆಚ್ಚು, ಕಿಟಕಿಯ ಗಾಜನ್ನು ಅದು ದಾಟುವುದಿಲ್ಲ. ಬೆಳಗಿನ ಎಳೆಬಿಸಿಲು ಹಿತವೆನಿಸಿದರೂ ಈ ಕೆಲಸಕ್ಕೆ ಸಾಲದು. ದಾವಣಗೆರೆಯಲ್ಲಿ ಬಿಸಿಲಿದೆ, ಆದರೆ ಆ ಹೊತ್ತಿನಲ್ಲಿ ತಾಯಿಯವರು ಮನೆಯೊಳಗಿರುತ್ತಾರೆ. ನೀವಿರುವ ದೇಶದಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಆ ಕಿರಣವೇ ಸಾಲದ್ದರಿಂದ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ತೆಗೆದುಕೊಳ್ಳಲು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ನಮ್ಮಂಥ ಕಂದುಬಣ್ಣದ ಚರ್ಮದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದೆಂಬುದೂ ಅದೇ ಸಲಹೆಯಲ್ಲಿದೆ. 1960ರ ದಶಕದಲ್ಲಿ ಗ್ಲಾಸ್ಗೋ ನಗರದ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ರಿಕೆಟ್ಸ್ ಎಂಬ, ಮೂಳೆ ಮೆತ್ತಗಾಗಿ ಬಾಗುವ ಕಾಯಿಲೆ ಕಂಡುಬಂದಿತ್ತು. ಆಮೇಲೆ ಡಿ ವಿಟಮಿನ್ ಹನಿಗಳನ್ನು ಹಂಚಿದ್ದರಿಂದ ಅದು ತಗ್ಗಿತು.

ಪ್ರಶ್ನೆ: ಕೂದಲು ಉದುರುವುದಕ್ಕೆ ಬಯೋಟಿನ್, ನೆಗಡಿ ಬಾರದಿರಲು ಸಿ ವಿಟಮಿನ್ ಚೀಪುಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸರಿಯೇ? (ಹುಬ್ಬಳ್ಳಿ)

ಉತ್ತರ: ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೊರತೆ ಅಪರೂಪ, ಕೊರತೆಯಿಲ್ಲದವರಿಗೆ ಅದರಿಂದ ಕೂದಲು ಬರುವುದಕ್ಕೆ ಒಳ್ಳೆಯ ಆಧಾರವಿಲ್ಲ. ಕಬ್ಬಿಣ, ಥೈರಾಯ್ಡ್ ನೋಡಿಸಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲುದು, ಆದ್ದರಿಂದ ರಕ್ತ ಕೊಡುವ ಮೊದಲು ತಿಳಿಸಿ. ಸಿ ವಿಟಮಿನ್ ನಿತ್ಯ ತೆಗೆದುಕೊಂಡರೂ ಸಾಮಾನ್ಯ ಜನರಲ್ಲಿ ನೆಗಡಿ ತಪ್ಪುವುದಿಲ್ಲ, ಬಂದ ನೆಗಡಿ ತುಸು ಬೇಗ ಹೋಗಬಹುದು, ಅಷ್ಟೇ. ಅದಕ್ಕೆ ಒಂದು ನೆಲ್ಲಿಕಾಯಿ ಸಾಕು. ಕಿತ್ತಳೆಗಿಂತ ಹಲವು ಪಟ್ಟು ಸಿ ಅದರಲ್ಲಿದೆ. ಮೂತ್ರದಲ್ಲಿ ಕಲ್ಲಾಗುವ ಪ್ರವೃತ್ತಿ ಇರುವವರಿಗೆ ದೊಡ್ಡ ಪ್ರಮಾಣದ ಮಾತ್ರೆ ಒಳ್ಳೆಯದಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಹೃದಯದ ಕವಾಟ ಬದಲಿಸಿ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ. ಸೊಪ್ಪಿನಲ್ಲಿ ಕೆ ವಿಟಮಿನ್ ಇದೆಯೆಂದು ಕೇಳಿ ಸೊಪ್ಪನ್ನೇ ಬಿಟ್ಟಿದ್ದಾರೆ. (ಸಕಲೇಶಪುರ)

ಉತ್ತರ: ಬಿಡಬೇಕಾಗಿಲ್ಲ, ಬಿಡಲೂಬಾರದು. ಕೆ ವಿಟಮಿನ್ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ, ವಾರ್ಫರಿನ್ ಆ ಕೆಲಸವನ್ನೇ ತಡೆಯುತ್ತದೆ. ಎರಡರ ನಡುವಿನ ಸಮತೋಲನಕ್ಕೆ ತಕ್ಕಂತೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ಒಂದು ವಾರ ದಿನವೂ ಬಸಳೆ, ಹರಿವೆ ಉಂಡು ಮುಂದಿನ ವಾರ ಒಮ್ಮೆಲೇ ನಿಲ್ಲಿಸಿದರೆ ಆ ತಕ್ಕಡಿ ಏರುಪೇರಾಗುತ್ತದೆ. ಮೊದಲ ಸಂದರ್ಭದಲ್ಲಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಎರಡನೆಯದರಲ್ಲಿ ರಕ್ತಸ್ರಾವದ ಭಯ. ವಾರಕ್ಕೆ ಎಷ್ಟು ಸಲ, ಎಷ್ಟು ಸೊಪ್ಪು ಎಂಬುದನ್ನು ಹೆಚ್ಚುಕಡಿಮೆ ಒಂದೇ ಸಮನಾಗಿ ಇಟ್ಟುಕೊಳ್ಳಲಿ. ಮತ್ತೆ ಆರಂಭಿಸುವುದನ್ನೂ ವೈದ್ಯರಿಗೆ ತಿಳಿಸಿಯೇ, ಸ್ವಲ್ಪ ಸ್ವಲ್ಪವಾಗಿ ಮಾಡಲಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಮುಂದಿನ ಐಎನ್‌ಆರ್ ಪರೀಕ್ಷೆಗೆ ಹೋಗುವಾಗ ಕಳೆದ ಹತ್ತು ದಿನಗಳಲ್ಲಿ ಉಂಡ ಸೊಪ್ಪುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ.